ಪೇಟೆ ರಸ್ತೆ ಸುಧಾರಣೆ: ಗಟಾರದಿಂದ ಶುರು, ಡಾಂಬರು ಕೊನೆಗೆ

ದುರ್ಗದಬೈಲ್, ಕೊಪ್ಪಿಕರ ರಸ್ತೆ, ಸ್ಟೇಷನ್ ರಸ್ತೆ ಇವೆಲ್ಲ ಹುಬ್ಬಳ್ಳಿಯ ಪೇಟೆ ರಸ್ತೆಗಳು. ಇಂಥ ರಸ್ತೆಯನ್ನು ಸುಧಾರಿಸುವ ಮಾತು ಬಂದ ಕೂಡಲೇ ಅಂದಾಜುಪಟ್ಟಿಯಲ್ಲಿ ಮೊದಲು ಕಾಣುವುದು ಡಾಂಬರು. ಕ್ರಮ ಅಲ್ಲೇ ತಪ್ಪುತ್ತದೆ. ರಸ್ತೆ ಕೆಡುವುದು ಅಂಚಿನಿಂದ ಮತ್ತು ಅಡಿಯಿಂದ. ನಡೆಯುವವರು ಎಡವಿ ಬೀಳುವುದೂ ಅಂಚಿನಲ್ಲೇ. ಪಾಲಿಕೆಯ ಎಂಜಿನಿಯರ್ ಇರಲಿ, ವಾರ್ಡ್ ಸಮಿತಿ ಇರಲಿ, ವರ್ತಕರ ಸಂಘ ಇರಲಿ, ಗೋಡೆಯಿಂದ ನಡುವಿಗೆ, ನೆಲದಿಂದ ಮೇಲಕ್ಕೆ ಕೆಲಸ ತೆಗೆದುಕೊಳ್ಳಬೇಕು.

ಮೊದಲು ಅಳತೆ

ಪ್ರತಿ 10 ಮೀಟರಿಗೊಮ್ಮೆ ಗೋಡೆಯಿಂದ ಗೋಡೆಗೆ ಟೇಪು ಹಿಡಿಯಿರಿ. ಹಳೆಯ ನಕ್ಷೆಯ ಅಗಲವನ್ನೇ ನೆಚ್ಚಿಕೊಳ್ಳಬೇಡಿ. ಅಂಗಡಿ ಮೆಟ್ಟಿಲು, ಕಟ್ಟೆ, ತಗಡಿನ ಚಪ್ಪರ, ಹೆಸ್ಕಾಂನ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಗುರುತು ಹಾಕಿ. ಬೆಳಗ್ಗೆ 9ರಿಂದ 11, ಸಂಜೆ 5ರಿಂದ 8ರವರೆಗೆ ನಡೆಯುವವರು, ಸೈಕಲ್, ಬೈಕು, ಆಟೊ, ಮೂರುಗಾಲಿ ಟಂಟಂ, ಬಸ್ಸು ಬೇರೆ ಬೇರೆಯಾಗಿ ಎಣಿಸಿ. ಸಂತೆಯ ದಿನ ಒಮ್ಮೆ, ಬೇರೆ ದಿನ ಒಮ್ಮೆ. ಜನ ಎಲ್ಲೆಲ್ಲಿ ದಾಟುತ್ತಾರೋ ಅಲ್ಲಲ್ಲಿ ನಕ್ಷೆಯ ಮೇಲೆ ಚುಕ್ಕಿ ಇಡಿ. ಚುಕ್ಕಿ ದಟ್ಟವಾದ ಕಡೆಯೇ ಜೀಬ್ರಾ ಪಟ್ಟಿ ಬರಬೇಕು. ಐವತ್ತು ಹೆಜ್ಜೆ ಆಚೆ ಹಾಕಿದರೆ ಯಾರೂ ಅಲ್ಲಿಗೆ ಹೋಗಿ ದಾಟುವುದಿಲ್ಲ.

15 ಮೀಟರನ್ನು ಹಂಚುವ ಬಗೆ

ಬಸ್ಸು ಓಡಾಡುವ, 15 ಮೀಟರ್ ಅಗಲದ ರಸ್ತೆ ಎಂದಿಟ್ಟುಕೊಳ್ಳಿ. ಎರಡೂ ಬದಿಗೆ 2.5 ಮೀಟರ್ ಫುಟ್‌ಪಾತ್ ತೆಗೆದಿಡಿ; ಅಂಗಡಿ ಬೀದಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ, ಅಡೆತಡೆ ಇಲ್ಲದ ಅಗಲ ಇದು. ಮನೆಗಳ ಓಣಿಗೆ 1.8 ಮೀಟರ್ ಸಾಕು. ಉಳಿದ 10 ಮೀಟರಿನಲ್ಲಿ ಗಾಡಿಗಳಿಗೆ 3.25 ಮೀಟರಿನ ಎರಡು ಸಾಲು, ಅಂದರೆ 6.5. ಇನ್ನುಳಿದ 3.5ರಲ್ಲಿ ಒಂದು ಬದಿ 2 ಮೀಟರ್ ಪಾರ್ಕಿಂಗಿಗೆ, ಇನ್ನೊಂದು ಬದಿ 1.5 ಮೀಟರ್ ಪಟ್ಟಿ ಕಂಬ, ಗಿಡ ಮತ್ತು ಬೀದಿ ವ್ಯಾಪಾರಿಗಳಿಗೆ. ಈ ಪಟ್ಟಿಯನ್ನು ಮೊದಲೇ ಇಡದಿದ್ದರೆ ಕಂಬವೂ ತಳ್ಳುಗಾಡಿಯೂ ಫುಟ್‌ಪಾತಿಗೇ ಬಂದು ಕೂರುತ್ತವೆ. ಅಲ್ಲಿಗೆ 2.5 ಮೀಟರ್ ಕಾಗದದ ಮೇಲಷ್ಟೇ ಉಳಿಯುತ್ತದೆ.

ಗಾಡಿ ಸಾಲು ಅಗಲ ಮಾಡಿದಷ್ಟೂ ವೇಗ ಏರುತ್ತದೆ. ಸವಾರನಿಗೆ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, ಒಣ ರಸ್ತೆಯಲ್ಲಿ 30 ಕಿ.ಮೀ. ವೇಗದ ಗಾಡಿ ನಿಲ್ಲಲು ಸುಮಾರು 20 ಮೀಟರ್ ಬೇಕು, 50 ಕಿ.ಮೀ. ವೇಗಕ್ಕೆ ಸುಮಾರು 40. ಪೇಟೆಯೊಳಗೆ 30ಕ್ಕಿಂತ ಹೆಚ್ಚಿನ ವೇಗಕ್ಕೆ ರಸ್ತೆ ಕಟ್ಟಲೇಬಾರದು.

ಎರೆಮಣ್ಣು ಮತ್ತು ಗಟಾರ

ನಮ್ಮ ಭಾಗದಲ್ಲಿ ಹೆಚ್ಚು ಹಣ ಪೋಲಾಗುವುದು ಇಲ್ಲೇ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅಂಚಿನ ಮಣ್ಣು ನೆನೆದು ಉಬ್ಬಿದಾಗ ನಡುವಿನ ಮಣ್ಣು ಇನ್ನೂ ಒಣಗಿರುತ್ತದೆ. ಅದಕ್ಕೇ ರಸ್ತೆ ಉದ್ದಕ್ಕೂ ಅಂಚಿನ ಬಳಿ ಸೀಳು ಬಿಡುತ್ತದೆ. ಮೇಲೆ ಎಷ್ಟು ಪದರ ಡಾಂಬರು ಹಾಕಿದರೂ ಸೀಳು ಮತ್ತೆ ಏಳುತ್ತದೆ. ಗಾಡಿ ಓಡುವ ಭಾಗದಡಿ 60 ಸೆಂಟಿಮೀಟರಿನಿಂದ 1 ಮೀಟರ್ ಎರೆಮಣ್ಣು ತೆಗೆದು, ಉಬ್ಬದ ಗರಸು ತುಂಬಿಸಿ. 15 ಸೆಂಟಿಮೀಟರಿಗೆ ಒಂದು ಪದರ. ಪ್ರತಿ ಪದರಕ್ಕೂ ಹದವಾಗಿ ನೀರು ಹಾಕಿ ರೋಲರ್ ಓಡಿಸಬೇಕು. ಒಂದೇ ಸಲಕ್ಕೆ ಸುರಿದು ಮೇಲಷ್ಟೇ ಉರುಳಿಸಿದ್ದು ಮೊದಲ ಮಳೆಗೇ ಕೂತುಬಿಡುತ್ತದೆ.

ಗಟಾರ ಸೋರಬಾರದು, ನೀರು ನಿಲ್ಲಲೂಬಾರದು. ಮೀಟರಿಗೆ 5 ಮಿಲಿಮೀಟರ್ ಇಳಿಜಾರು ಕೊಡಿ. ಹೊಸ ಗಟಾರದ ತಳ ಅದು ಸೇರುವ ನಾಲೆಯ ತಳಕ್ಕಿಂತ ಮೇಲಿದೆಯೇ ಎಂದು ಲೆವೆಲ್ ಯಂತ್ರ ಇಟ್ಟು ನೋಡಿದ ಮೇಲೇ ಅಗೆಯಿರಿ. ಇಲ್ಲದಿದ್ದರೆ ನೀರು ಹಿಂದಕ್ಕೆ ಬಂದು ಅಂಗಡಿಗೆ ನುಗ್ಗುತ್ತದೆ. ಅಂಚುಕಲ್ಲಿನ ಬದಿಯಲ್ಲಿ 10ರಿಂದ 15 ಮೀಟರಿಗೆ ಒಂದು ನೀರಿಂಡಿ (ಮಳೆನೀರು ಗಟಾರಕ್ಕೆ ಇಳಿಯುವ ಬಾಯಿ), ಅದರ ತಳದಲ್ಲಿ ಉಸುಕು ಕೂರಲು ಗುಂಡಿ ಇರಲಿ. ಜಾಲರಿಯ ಸರಳುಗಳು ಗಾಡಿ ಓಡುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕೆ ಇಟ್ಟರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ. ಗಟಾರದ ಮುಚ್ಚಳಗಳಲ್ಲಿ 10 ಮೀಟರಿಗೆ ಒಂದಾದರೂ ಎತ್ತುವಂತಿರಲಿ, ಮೇಲೆ ಬ್ಲಾಕ್ ಕೂರಿಸಿ ಮುಚ್ಚಿಬಿಡಬೇಡಿ.

ಇದೇ ಹೊತ್ತಿಗೆ ಕುಡಿಯುವ ನೀರಿನ ಪೈಪು, ಒಳಚರಂಡಿ, ಕೇಬಲ್ ಎಲ್ಲವೂ ಮುಗಿಯಬೇಕು. ಪ್ರತಿ ಕೂಡುರಸ್ತೆಯಲ್ಲಿ, ನಡುವೆ 50 ಮೀಟರಿಗೊಮ್ಮೆ, 15 ಸೆಂಟಿಮೀಟರ್ ವ್ಯಾಸದ ಎರಡು ಖಾಲಿ ಪೈಪು ಅಡ್ಡಲಾಗಿ ಹೂತಿಡಿ. ಮುಂದೆ ಯಾರಾದರೂ ಕೇಬಲ್ ಎಳೆಯಬೇಕಾದರೆ ಡಾಂಬರು ಕಡಿಯುವ ಪ್ರಮೇಯ ಬರುವುದಿಲ್ಲ.

ಫುಟ್‌ಪಾತ್

ಎತ್ತರ 15 ಸೆಂಟಿಮೀಟರ್ ಮೀರಬಾರದು. ಅದಕ್ಕಿಂತ ಎತ್ತರವಾದರೆ ವಯಸ್ಸಾದವರು ಹತ್ತದೆ ರಸ್ತೆಯಲ್ಲೇ ನಡೆಯುತ್ತಾರೆ. ನಡೆಯುವ ಜಾಗಕ್ಕೆ 60 ಮಿಲಿಮೀಟರ್ ದಪ್ಪದ ಬ್ಲಾಕ್, ಗಾಡಿ ಒಳಹೋಗುವ ಗೇಟಿನ ಮುಂದೆ 80. ಅಡಿಗೆ 25ರಿಂದ 40 ಮಿಲಿಮೀಟರ್ ಉಸುಕು, ಸಂದಿಗೆ ಒಣ ನಯ ಉಸುಕು, ಎರಡೂ ಅಂಚಿಗೆ ಅಲುಗಾಡದ ಕಾಂಕ್ರೀಟ್ ಹಿಡಿತ. ಹಿಡಿತ ಇಲ್ಲದಿದ್ದರೆ ಬ್ಲಾಕುಗಳು ಸರಿದು ಸಂದಿ ಬಿಡುತ್ತವೆ, ಆಮೇಲೆ ಒಂದೊಂದಾಗಿ ಕೀಳುತ್ತವೆ. ಗೇಟು ಬಂದಲ್ಲೆಲ್ಲ ಫುಟ್‌ಪಾತನ್ನು ತಗ್ಗಿಸಬೇಡಿ. ಮಟ್ಟ ಹಾಗೇ ಸಾಗಲಿ, ಗಾಡಿ ಹತ್ತುವ ಇಳಿಜಾರು ಫುಟ್‌ಪಾತಿನ ಹೊರಗಿನ ಪಟ್ಟಿಯಲ್ಲಿರಲಿ. ದಾಟುವ ಕಡೆ ಮಾತ್ರ 1:12ರ (12 ಅಡಿ ಉದ್ದಕ್ಕೆ 1 ಅಡಿ ಏರುವ) ಇಳಿಜಾರು ಮತ್ತು ದೃಷ್ಟಿ ಇಲ್ಲದವರಿಗಾಗಿ ಉಬ್ಬು ಚುಕ್ಕೆಯ ಹಾಸು.

ದಾಟುವ ಜಾಗ

ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 10 ಮೀಟರ್ ದಾಟಲು ಎಂಟು ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು, 6.5 ಮೀಟರಿಗೆ ಐದೂವರೆ. ತಲೆಮೇಲೆ ಬುಟ್ಟಿ ಹೊತ್ತವರಿಗೆ ಇನ್ನೂ ಹೆಚ್ಚು. ಆದ್ದರಿಂದ ಜೀಬ್ರಾ ಪಟ್ಟಿಯ ಬಳಿ ಪಾರ್ಕಿಂಗ್ ನಿಲ್ಲಿಸಿ ಫುಟ್‌ಪಾತನ್ನು ಮುಂದಕ್ಕೆ ಚಾಚಿ. ಶಾಲೆ, ಮಾರುಕಟ್ಟೆ ಎದುರು ಪಟ್ಟಿಯನ್ನೇ 10 ಸೆಂಟಿಮೀಟರ್ ಎತ್ತರಿಸಿ. ಮಳೆನೀರು ಹರಿದು ಬರುವ ಬದಿಯಲ್ಲಿ ನೀರಿಂಡಿ ಮರೆತರೆ ಅಲ್ಲೇ ಕೆರೆ ಕಟ್ಟುತ್ತದೆ. ಬರಿ ಹಂಪ್ ಹಾಕುವುದಾದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಎಲ್ಲೆಡೆ ಕಾಣುವ ಮೊಳದಗಲದ ದಿಬ್ಬ ಬೈಕಿನವರ ಬೆನ್ನು ಮುರಿಯುತ್ತದೆ, ಆಂಬುಲೆನ್ಸಿನಲ್ಲಿ ಮಲಗಿದವರಿಗೆ ಹಿಂಸೆ.

ರಸ್ತೆ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಗೆ ಸೇರುವುದಾದರೆ ಚಿಗರಿ (ಬಿ.ಆರ್.ಟಿ.ಎಸ್. ಬಸ್) ನಿಲ್ದಾಣ ಅಲ್ಲಿ ರಸ್ತೆಯ ನಡುವಿದೆ ಎಂಬುದು ನೆನಪಿರಲಿ: ಬಸ್ ಹಿಡಿಯುವ ಪ್ರತಿಯೊಬ್ಬರೂ ದಾಟಲೇಬೇಕು. ನಿಮ್ಮ ಫುಟ್‌ಪಾತ್ ನೇರ ಆ ನಿಲ್ದಾಣದ ಜೀಬ್ರಾ ಪಟ್ಟಿಗೇ ಹೋಗಿ ಮುಟ್ಟಲಿ.

ವ್ಯಾಪಾರಿಗಳು, ಬೈಕುಗಳು, ಹಬ್ಬಗಳು

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಕೆಲಸ ಶುರು ಮಾಡುವುದು ಅನ್ಯಾಯ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಗೂ ವಿರುದ್ಧ. ಸಮೀಕ್ಷೆ ಮುಗಿಯುವ ಮುನ್ನ ತೆರವು ಮಾಡುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಜೊತೆ ಕೂತು 1.5 ಮೀಟರ್ ಪಟ್ಟಿಯಲ್ಲಿ ಜಾಗ ಗುರುತಿಸಿ. ಫುಟ್‌ಪಾತಿನ ತುದಿಯಲ್ಲಿ ಗೂಟ ನೆಟ್ಟರೆ ಕಾರು ನಿಲ್ಲುತ್ತದೆ, ಬೈಕು ನಿಲ್ಲುವುದಿಲ್ಲ: ಗಾಲಿಕುರ್ಚಿ ಹೋಗುವಷ್ಟು ಸಂದಿಯಲ್ಲಿ ಬೈಕೂ ನುಸುಳುತ್ತದೆ. ಹತ್ತಿರವೇ ಪಾರ್ಕಿಂಗ್ ಕೊಡುವುದೊಂದೇ ದಾರಿ. ಒಂದು ಕಾರು ನಿಲ್ಲುವ ಜಾಗದಲ್ಲಿ ಐದು ಬೈಕು ಹಿಡಿಯುತ್ತವೆ.

ಗಣಪತಿ ಮೆರವಣಿಗೆ ಸಾಗುವ ಬೀದಿಯಲ್ಲಿ ಅಡ್ಡ ಕಮಾನು, ಕೆಳಗೆ ಜೋತ ತಂತಿ ಬೇಡ. ನಡುವಿನ ಗೂಟಗಳು ಕಳಚುವಂತಿರಲಿ. ಹೋಳಿಯ ಕಾಮದಹನದ ಬೆಂಕಿಗೆ ಡಾಂಬರು ಸುಟ್ಟು ತಗ್ಗು ಬೀಳುತ್ತದೆ. ಆ ಜಾಗಕ್ಕೆ ದಪ್ಪ ಉಸುಕು ಹಾಸಲು ಓಣಿಯ ಹಿರಿಯರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಅಗೆಯುವ ಮುನ್ನ ಪರೀಕ್ಷೆ

ಬಣ್ಣ, ಕೋನು, ಉಸುಕು ತುಂಬಿದ ಡ್ರಮ್ಮುಗಳಿಂದ ಹೊಸ ವಿನ್ಯಾಸವನ್ನು ಎರಡು ವಾರ ರಸ್ತೆಯ ಮೇಲೆ ಹಾಕಿ ನೋಡಿ. ಬಸ್ಸು ಮತ್ತು ಅಗ್ನಿಶಾಮಕ ವಾಹನವನ್ನು ತಿರುವಿನಲ್ಲಿ ತಿರುಗಿಸಿಯೇ ಅಂಚುಕಲ್ಲಿನ ಗೆರೆ ಖಾಯಂ ಮಾಡಿ. ಅಗೆತ ಮಳೆಗಾಲ ಕಳೆದ ಮೇಲೆ ಶುರುವಾಗಿ, ಡಾಂಬರು ಮೇ ತಿಂಗಳ ಅಡ್ಡಮಳೆಗೆ ಮುಂಚೆ ಮುಗಿಯಬೇಕು. ಒಮ್ಮೆಗೆ 100 ಮೀಟರಿಗಿಂತ ಹೆಚ್ಚು ಅಗೆಯಬೇಡಿ. ಅಂಗಡಿಗಳಿಗೆ ಹಲಗೆ ದಾರಿ, ಗುಂಡಿಗೆ ಬೇಲಿ, ರಾತ್ರಿ ದೀಪ ಇರಲೇಬೇಕು. ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರ ಸಂಸ್ಥೆಗೂ ಗುತ್ತಿಗೆದಾರರಿಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಂ ಹೇಳುತ್ತದೆ.

ಗುತ್ತಿಗೆದಾರರ ಠೇವಣಿಯನ್ನು ಒಂದು ಪೂರ್ತಿ ಮುಂಗಾರು ಕಳೆಯುವವರೆಗೆ ಬಿಡುಗಡೆ ಮಾಡಬೇಡಿ. ಮಳೆ ಸುರಿಯುವಾಗಲೇ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ಗಾಲಿಕುರ್ಚಿ ಬಳಸುವವರ ಜೊತೆ ಒಮ್ಮೆ ಇಡೀ ರಸ್ತೆ ನಡೆಯಿರಿ. ನೀರು ನಿಂತ ಜಾಗ, ಕುಸಿದ ಬ್ಲಾಕ್, ಗಿಡದ ಮರೆಗೆ ಬಿದ್ದ ದೀಪ ಇವನ್ನು ಮೀಟರ್ ಗುರುತಿನ ಸಮೇತ ಬರೆದು ಗುತ್ತಿಗೆದಾರರಿಗೆ ಕೊಡಿ.