ರಸಮಟ್ಟದ ಗುಳ್ಳೆ ನಂಬಿ ನಾಲ್ಕು ಚಕ್ರ ಬ್ಯಾಲೆನ್ಸ್ ಮಾಡಿದ್ದು: ನನ್ನ ಅನುಭವ

ಗಂಟೆಗೆ 110 ಕಿ.ಮೀ. ವೇಗ. ಸ್ಟೇರಿಂಗ್ ಸುಮ್ಮನಿತ್ತು. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ದೀಪ ಮೊದಲೆಲ್ಲ ಎರಡೆರಡಾಗಿ ಕಾಣುತ್ತಿತ್ತು, ಈಗ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಭಾವ ಏನೂ ಮಾತಾಡಲಿಲ್ಲ. "ಬಬಲ್ ಬ್ಯಾಲೆನ್ಸರ್ ಎಲ್ಲ ಅಜ್ಜನ ಕಾಲದ್ದು ಮಾರಾಯ, ಅದರಲ್ಲಿ ಅಲಾಯ್ ವೀಲ್ ಬ್ಯಾಲೆನ್ಸ್ ಆಗುತ್ತಾ? ಸುಮ್ನೆ ಅಂಗಡಿಗೆ ಕೊಡು" ಅಂದಿದ್ದವರು ಇವರೇ. ಅವರು ಸುಮ್ಮನಾದದ್ದೇ ನನಗೆ ಸರ್ಟಿಫಿಕೇಟು. ಅದಕ್ಕೇ, ಮನೆಯಲ್ಲೇ ಟೈರು ಕೂರಿಸಿ, ಬಬಲ್ ಬ್ಯಾಲೆನ್ಸರ್ ಅನ್ನೋ ಗುಳ್ಳೆಯ ಸಾಧನದಲ್ಲಿ ಚಕ್ರದ ಭಾರವನ್ನು ಸುತ್ತಲೂ ಸಮ ಮಾಡಿದ ಕಥೆ ಬರೆಯುತ್ತಿದ್ದೇನೆ.

ಜಾಕು ಎಲ್ಲಿಡಬೇಕು, ಸ್ಟ್ಯಾಂಡು ಯಾಕೆ ಬೇಕು, ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತದೆ. ಅದನ್ನು ಬಿಟ್ಟು ನಾನು ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ಹೇಳುತ್ತೇನೆ.

ಶುರುವಾದದ್ದು ಒಂದು ಸೆಟ್ ಹಳೇ ಅಲಾಯ್, ಅಂದರೆ ಮಿಶ್ರಲೋಹದ ರಿಮ್ಮು, ಸಿಕ್ಕಿದ್ದರಿಂದ. ಗಾಡಿಯಲ್ಲಿ 185/65 ಆರ್15 ಟೈರು ಇತ್ತು (ಅಗಲ ಮಿ.ಮೀ.ನಲ್ಲಿ, ಪಕ್ಕದ ಎತ್ತರ ಅಗಲದ ಶೇಕಡಾ ಲೆಕ್ಕ, ಕೊನೆಯದು ರಿಮ್ಮಿನ ಇಂಚು), ಈ ಅಲಾಯ್ 16 ಇಂಚು. 195/55 ಆರ್16 ಹಾಕಿದರೆ ಹೊರಗಿನ ಅಳತೆ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಎರಡೂ 621 ಮಿ.ಮೀ. ಆಸುಪಾಸು, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ನಾಲ್ಕು ನಟ್ಟು, ಪಿಸಿಡಿ (ನಟ್ಟಿನ ತೂತುಗಳ ನಡುವೆ ಹಾದುಹೋಗುವ ವೃತ್ತದ ವ್ಯಾಸ) 100 ಮಿ.ಮೀ., ಅದೂ ಕೂತಿತು. ಖುಷಿಯಲ್ಲಿ ನಡುವಿನ ತೂತನ್ನು ಅಳೆಯಲೇ ಇಲ್ಲ. ಚಕ್ರದ ನಡುವೆ ಕೂರುವ ಗಾಡಿಯ ಹಬ್ 54.1 ಮಿ.ಮೀ., ರಿಮ್ಮಿನ ತೂತು 73.1. ಈ ತಪ್ಪಿಗೆ ಆಮೇಲೆ ಮೂರು ವಾರ ತೆತ್ತೆ.

ಟೈರ್ ಕೂರಿಸೋದಕ್ಕೆ ಕೈಯಲ್ಲೇ ತಿರುಗಿಸುವ ಚೇಂಜರ್ ತಂದೆ, ನೆಲಕ್ಕೆ ಬೋಲ್ಟ್ ಹೊಡೆದು ನಿಲ್ಲಿಸೋದು. ಮೊದಲನೇ ದಿನವೇ ಬೋಲ್ಟು ನೆಲದ ಸಿಮೆಂಟ್ ಸಮೇತ ಕಿತ್ತು ಬಂತು. ಕಾಂಕ್ರೀಟು ಎರಡು ಬೆರಳು ದಪ್ಪ ಕೂಡ ಇರಲಿಲ್ಲ. ಆಮೇಲೆ ದಪ್ಪ ಮರದ ಹಲಗೆಗೆ ಬಿಗಿದು, ಆ ಹಲಗೆಯ ಮೇಲೆ ನಾನೇ ನಿಂತುಕೊಂಡು ಕೆಲಸ ಮಾಡಿದೆ. ಈಗಲೂ ಹಾಗೇ ಮಾಡುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಎರಡನೇ ಟೈರು ಹರಿಯಿತು. ಹೊಸದು, ಒಂದು ಕಿಲೋಮೀಟರೂ ಓಡಿರಲಿಲ್ಲ. ಮೇಲಿನ ಬೀಡು (ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ಅಂಚು) ಮುಕ್ಕಾಲು ಭಾಗ ಒಳಗೆ ಹೋಗಿತ್ತು, ಕೊನೆಯ ಗೇಣುದ್ದ ಮಾತ್ರ ಹಟ ಹಿಡಿಯಿತು. ನಾನೂ ಹಟ ಹಿಡಿದೆ. ಮೀಟುಗೋಲಿನ ಮೇಲೆ ಮೈಭಾರ ಪೂರ್ತಿ ಹಾಕಿ ತಳ್ಳಿದೆ. ಚಟ್ ಅಂತ ಒಂದು ಸದ್ದು. ನೋಡಿದರೆ ಬೀಡಿನ ರಬ್ಬರು ಸೀಳಿ ಒಳಗಿನ ತಂತಿ ಹೊಳೆಯುತ್ತಿದೆ. ಎದುರು ಬದಿಯ ಬೀಡು, ರಿಮ್ಮಿನ ಒಳಗೆ ಸುತ್ತಲೂ ಇರುವ ತಗ್ಗಿನಿಂದ ಮೇಲೆ ಬಂದು ಕೂತಿತ್ತು ಅಷ್ಟೇ. ಅದು ತಗ್ಗಿನಲ್ಲಿ ಇಲ್ಲದಿದ್ದರೆ ಈ ಕಡೆ ಆನೆ ಬಂದು ತಳ್ಳಿದರೂ ಒಳಗೆ ಹೋಗುವುದಿಲ್ಲ. ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ, ಕೈಗೆ ಗೊತ್ತಾಗಲು ನನಗೆ ಒಂದು ಟೈರಿನ ದುಡ್ಡು ಹೋಗಬೇಕಾಯಿತು. ಈಗ ಒಂದೇ ಲೆಕ್ಕ: ಜೋರು ಮಾಡಬೇಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಎದುರು ಬದಿ ನೋಡು. ತಗ್ಗು ಯಾವ ಮುಖಕ್ಕೆ ಹತ್ತಿರ ಇದೆಯೋ ಆ ಮುಖ ಮೇಲೆ ಬರಬೇಕು, ಇದನ್ನೂ ಅವತ್ತು ಉಲ್ಟಾ ಇಟ್ಟಿದ್ದೆ. ಎದುರಿನ ಬೀಡು ತಗ್ಗಿನಲ್ಲೇ ನಿಲ್ಲುವ ಹಾಗೆ ಒಬ್ಬನೇ ಇರುವಾಗ ಹಿಡಿದಿಡೋದಕ್ಕೆ ನಾನು ಒಂದು ಚಿಕ್ಕ ಸಾಮಾನು ಬಳಸುತ್ತೇನೆ. ಮನೆಯಲ್ಲೇ ಇರೋದು. ಅದೇನು ಅಂತ ಹೇಳಲ್ಲ, ಒಂದು ಟೈರ್ ಕಳೆದುಕೊಂಡವನಿಗೆ ಅಷ್ಟಾದರೂ ಗುಟ್ಟು ಇರಲಿ.

ಹರಿದ ಮೇಲೆ ಭಯ ಬಂತು, ಜಾರಲಿ ಅಂತ ಸೋಪಿನ ನೀರನ್ನು ಧಾರಾಳವಾಗಿ ಬಳಿದೆ. ಬೀಡು ಬೆಣ್ಣೆಯ ಹಾಗೆ ಒಳಗೆ ಹೋಯಿತು. ಬ್ಯಾಲೆನ್ಸ್ ಮಾಡಿ, ಅವತ್ತು ಸಂಜೆಯೇ ಹೊರಗೆ ತೆಗೆದುಕೊಂಡು ಹೋಗಿ ಎರಡು ಸಲ ಜೋರಾಗಿ ಬ್ರೇಕ್ ಹಾಕಿ ನೋಡಿದೆ. ವಾಪಸ್ ಬರುವಾಗ ನಡುಕ ಶುರುವಾಯಿತು, ಹೋಗುವಾಗ ಇಲ್ಲದ್ದು. ತಲೆ ಕೆಟ್ಟಿತು. ಪುಣ್ಯಕ್ಕೆ ವಾಲ್ವಿನ ನೇರಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದೆ. ಆ ಗೆರೆ ಮೂರು ಬೆರಳು ಪಕ್ಕಕ್ಕೆ ಸರಿದಿತ್ತು! ರಿಮ್ ನಿಂತರೂ ಟೈರು ಸೋಪಿನ ಮೇಲೆ ಜಾರಿ ಮುಂದೆ ಹೋಗಿದೆ. ಬ್ಯಾಲೆನ್ಸು ಎಲ್ಲಿ ಉಳಿಯುತ್ತದೆ? ಈಗ ಬೀಡಿಗೆ ತೆಳ್ಳಗೆ ಒಂದು ಸಲ ಬಳಿಯುತ್ತೇನೆ, ಒಂದು ರಾತ್ರಿ ಒಣಗಲು ಬಿಡುತ್ತೇನೆ, ಗೆರೆ ಮಾತ್ರ ಎಂದೂ ಮರೆಯುವುದಿಲ್ಲ. ಪಾತ್ರೆ ತೊಳೆಯುವ ಸೋಪು ಬೇಡ, ಅಲಾಯನ್ನು ತಿನ್ನುತ್ತದೆ. ಟೈರಿಗೆಂದೇ ಬರುವ ಪೇಸ್ಟು ತನ್ನಿ. ಸಿಲಿಕೋನ್ ಸ್ಪ್ರೇ ಅಂತೂ ಬೇಡವೇ ಬೇಡ, ಅದು ಒಣಗುವುದೇ ಇಲ್ಲ.

ಗಾಳಿ ತುಂಬಿ ಬೀಡು ಕೂರಿಸುವಾಗ ವಾಲ್ವಿನ ಪಿನ್ನು ತೆಗೆದರೆ ಗಾಳಿ ರಭಸದಿಂದ ಹೋಗುತ್ತದೆ. ಬೀಡು ರಿಮ್ಮಿಗೆ ತಾಗದೆ ಗಾಳಿ ಸೋರಿದರೆ ಟೈರಿನ ಸುತ್ತ ಲಗೇಜ್ ಬೆಲ್ಟ್ ಬಿಗಿದು ಹಿಂಡುತ್ತೇನೆ. 40 ಪಿಎಸ್‌ಐ ದಾಟಿದರೂ ಕೂರದಿದ್ದರೆ ಗಾಳಿ ಇಳಿಸಿ, ಮತ್ತೆ ಬಳಿದು, ಮತ್ತೆ ಮೊದಲಿಂದ. ಆ ಹೊತ್ತಿನಲ್ಲಿ ಮುಖ ಬಗ್ಗಿಸಿ ನೋಡೋದು ಬೇಡ, ಉದ್ದ ಪೈಪಿನಲ್ಲಿ ದೂರ ನಿಂತು ತುಂಬಿ. ಸ್ಪ್ರೇ ಹೊಡೆದು ಬೆಂಕಿ ಕೊಡುವ ವಿಡಿಯೊ ನೋಡಿ ಯಾರೂ ಹಾರಾಡಬೇಡಿ.

ಇನ್ನು ಗುಳ್ಳೆಯ ವಿಷಯ. ಬಬಲ್ ಬ್ಯಾಲೆನ್ಸರ್ ಅಂದರೆ ಗಾರೆ ಕೆಲಸದವರ ರಸಮಟ್ಟವನ್ನೇ ದುಂಡಗೆ ಮಾಡಿ ಕೋನಿನ ತಲೆಗೆ ಕೂರಿಸಿದ ಹಾಗೆ. ಚಕ್ರ ಮಲಗಿಸಿ ಇಡೋದು, ಗುಳ್ಳೆ ಯಾವ ಕಡೆ ಓಡಿತೋ ಆ ಕಡೆ ಹಗುರ. ಇದು ತಿರುಗಿಸಿ ನೋಡುವುದಿಲ್ಲ, ಆದ್ದರಿಂದ ಒಳಬದಿ ಹೊರಬದಿಯ ವ್ಯತ್ಯಾಸ ಇದಕ್ಕೆ ತಿಳಿಯುವುದಿಲ್ಲ. ಭಾವ ಹಿಡಿದ ತಗಾದೆಯೂ ಇದೇ, ಮಾತು ಸರಿ ಕೂಡ. ಆದರೆ ಹಗುರ ಕಡೆಗೆ ಬೇಕಾದ ತೂಕವನ್ನು, ಅಂದರೆ ರಿಮ್ಮಿಗೆ ಅಂಟಿಸುವ ಸೀಸದ ಚೂರುಗಳನ್ನು, ಎರಡು ಪಾಲು ಮಾಡಿ ಅರ್ಧ ಒಳಗೆ, ಅರ್ಧ ಹೊರಗೆ, ಒಂದೇ ನೇರದಲ್ಲಿ ಅಂಟಿಸಿದರೆ ನಾವೇ ಹೊಸ ವಾಲಾಟ ಹುಟ್ಟಿಸುವುದು ತಪ್ಪುತ್ತದೆ. ಹಳೇ ಕೈಗಳು ಮಾಡುತ್ತಿದ್ದದ್ದೂ ಇದನ್ನೇ.

ಮೊದಲ ನಾಲ್ಕೈದು ಚಕ್ರ ನನಗೆ ಸರಿಯೇ ಬರಲಿಲ್ಲ. ಗುಳ್ಳೆ ನಡುವಿಗೆ ಬರುತ್ತದೆ, ರಸ್ತೆಯಲ್ಲಿ ಅದುರುತ್ತದೆ. ಒಂದು ದಿನ ಬೇಜಾರಾಗಿ ಚಕ್ರವನ್ನು ಎತ್ತಿ ಅರ್ಧ ಸುತ್ತು ತಿರುಗಿಸಿ ಮತ್ತೆ ಇಟ್ಟೆ. ಗುಳ್ಳೆ ಚಕ್ರದ ಜೊತೆ ತಿರುಗಬೇಕಿತ್ತು, ಅಲ್ವಾ? ಇಲ್ಲ, ಅದು ಗೋಡೆಯ ಕಡೆಗೇ ಮುಖ ಮಾಡಿ ನಿಂತಿತ್ತು. ಅಂದರೆ ತಪ್ಪು ಚಕ್ರದ್ದಲ್ಲ, ಬ್ಯಾಲೆನ್ಸರಿನದು! ಅಷ್ಟು ದಿನ ಅದರ ತಪ್ಪನ್ನೆಲ್ಲ ಪ್ರತಿ ಚಕ್ರಕ್ಕೂ ಸೀಸವಾಗಿ ಅಂಟಿಸುತ್ತಿದ್ದೆ. ತಳದ ಸ್ಕ್ರೂ ತಿರುಗಿಸಿ, ಚಕ್ರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ನೋಡಿ, ಒಂದು ಸಂಜೆ ಪೂರ್ತಿ ಕೂತು ಸರಿ ಮಾಡಿದೆ. ಅದರ ಮೇಲೆ 10 ಗ್ರಾಂ ಇಟ್ಟರೆ ಗುಳ್ಳೆ ಸ್ಪಷ್ಟವಾಗಿ ಸರಿಯುತ್ತದೆ, 5 ಗ್ರಾಂಗೆ ಉಸಿರು ಬಿಗಿಹಿಡಿದು ನೋಡಬೇಕು. ಫ್ಯಾನ್ ಹಾಕಬೇಡಿ.

ತೂಕ ಎಷ್ಟು ಅಂತ ತಿಳಿಯಲು ನಾನು ಮಾಡೋದು ಹೀಗೆ. ಹಗುರ ಜಾಗದಲ್ಲಿ ಸ್ವಲ್ಪ ಜಾಸ್ತಿಯೇ ಅನ್ನುವಷ್ಟು ಎರಡು ಸಮ ತೂಕ ಜೋಡಿಸಿಡುತ್ತೇನೆ. ಗುಳ್ಳೆ ಆಚೆಗೆ ಹೋಗುತ್ತದೆ. ಆಮೇಲೆ ಎರಡನ್ನೂ ನಿಧಾನಕ್ಕೆ ಎಡಕ್ಕೊಂದು ಬಲಕ್ಕೊಂದು ಸರಿಸುತ್ತಾ ಹೋದರೆ ಗುಳ್ಳೆ ವಾಪಸ್ ಬಂದು ನಡುವಿನಲ್ಲಿ ನಿಲ್ಲುತ್ತದೆ. ಅಲ್ಲೇ ಸೀಮೆಸುಣ್ಣದ ಗುರುತು. ತೂಕ ಕತ್ತರಿಸುವ ರಗಳೆ ಇಲ್ಲ.

ಹತ್ತು ಗ್ರಾಂ ಏನು ಮಹಾ ಅನ್ನಬೇಡಿ. ಈ ಅಳತೆಯ ಚಕ್ರ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ಹಾಕುತ್ತದೆ. ರಿಮ್ಮಿನ ಅಂಚಿನಲ್ಲಿ 10 ಗ್ರಾಂ ಹೆಚ್ಚಿದ್ದರೆ ಹೆಚ್ಚುಕಮ್ಮಿ ಒಂದೂವರೆ ಕೆಜಿಯಷ್ಟು ಬಲ ಸುತ್ತುತ್ತಾ ಜಗ್ಗುತ್ತಿರುತ್ತದೆ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು.

ಬ್ಯಾಲೆನ್ಸರ್ ಸರಿಯಾಯಿತು, ಆದರೂ ನಡುಕ ಪೂರ್ತಿ ಹೋಗಲಿಲ್ಲ. ಒಂದು ದಿನ ಇರುತ್ತದೆ, ಚಕ್ರ ಬಿಚ್ಚಿ ಹಾಕಿದರೆ ಇರುವುದಿಲ್ಲ, ಮತ್ತೊಮ್ಮೆ ಬಿಚ್ಚಿ ಹಾಕಿದರೆ ಇರುತ್ತದೆ. ಇಲ್ಲಿ ನನಗೆ ಬುದ್ಧಿ ಬಂತು. ತೂಕದ ತಪ್ಪಾಗಿದ್ದರೆ ಪ್ರತಿ ದಿನ ಇರಬೇಕಿತ್ತು. ಚಕ್ರ ನಡುವಿಗೆ ಕೂರುತ್ತಿಲ್ಲ. 73.1ರ ತೂತು 54.1ರ ಹಬ್ಬಿನ ಮೇಲೆ ನೇತಾಡುತ್ತಿದೆ, ನಟ್ಟುಗಳು ಬಿಗಿದ ಕಡೆಗೆ ಅದು ಕೂರುತ್ತದೆ. ಆ ಸಂದು ತುಂಬುವ ಅಲ್ಯೂಮಿನಿಯಂ ಹಬ್ ರಿಂಗ್ ನಾಲ್ಕು ತರಿಸಿದೆ, ಒಂದು ಟೈರಿನ ಬೆಲೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ. ಅದಕ್ಕೆ ಮುಂಚೆ ಇದೇ ನಡುಕಕ್ಕೆ ಅಂತ ಅಂಗಡಿಯ ಯಂತ್ರಕ್ಕೆ ಎರಡು ಸಲ, ಅಲೈನ್‌ಮೆಂಟಿಗೆ ಒಂದು ಸಲ ದುಡ್ಡು ಸುರಿದಿದ್ದೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ರಿಂಗ್ ಬಂದ ದಿನವೇ ಹಬ್ಬಿನ ಮುಖ ನೋಡಿದೆ. ತುಕ್ಕು ಪದರ ಪದರವಾಗಿ ಎದ್ದಿತ್ತು. ಉಗುರಿನಲ್ಲಿ ಕೆರೆದರೆ ಚಕ್ಕೆ ಬರುತ್ತಿತ್ತು. ಅಂಥದರ ಮೇಲೆ ಎಷ್ಟು ಬಿಗಿದರೂ ಚಕ್ರ ಓರೆ. ವೈರ್ ಬ್ರಷ್ ಹಿಡಿದು ಒಂದೊಂದಕ್ಕೂ ಹತ್ತು ನಿಮಿಷ ಉಜ್ಜಿದೆ, ಸ್ಟಡ್ಡಿನ (ನಟ್ಟು ಹಾಕುವ ಬೋಲ್ಟಿನ) ಬುಡದ ಸುತ್ತಲೂ. ನಟ್ಟುಗಳನ್ನು ಚಕ್ರ ಗಾಳಿಯಲ್ಲಿರುವಾಗಲೇ ಕೈಯಲ್ಲಿ, ಎದುರು ಬದುರಾಗಿ, ಚಕ್ರವನ್ನು ಅಲುಗಿಸುತ್ತಾ ತಿರುಗಿಸುತ್ತೇನೆ. ಆಮೇಲೆ ನೆಲಕ್ಕಿಳಿಸಿ ಟಾರ್ಕ್ ವ್ರೆಂಚ್. ನನ್ನ ಗಾಡಿಗೆ 100 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮದಕ್ಕೆ ಗಾಡಿಯ ಪುಸ್ತಕ ನೋಡಿ. ಸ್ಟಡ್ಡಿಗೆ ಎಣ್ಣೆ ಹಾಕಬೇಡಿ, ವ್ರೆಂಚ್ ಹೇಳುವುದಕ್ಕಿಂತ ಜಾಸ್ತಿ ಬಿಗಿದುಬಿಡುತ್ತದೆ. 100 ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿದಾಗ ಒಂದೆರಡು ನಟ್ಟು ಕಾಲು ಸುತ್ತು ತಿರುಗಿದವು. ನಟ್ಟಿನ ತಲೆಯ ಆಕಾರವನ್ನೂ ನೋಡಿಕೊಳ್ಳಿ, ದುಂಡು ತಲೆಯ ನಟ್ಟನ್ನು ಕೋನಿನ ತೂತಿಗೆ ಹಾಕಿದರೆ ಒಂದು ಗೆರೆಯಷ್ಟೇ ತಾಗುತ್ತದೆ, ಸಡಿಲವಾಗೇ ಆಗುತ್ತದೆ.

ಅವತ್ತು ನಡುಕ ಹೋಯಿತು. ಬ್ಯಾಲೆನ್ಸನ್ನು ಮುಟ್ಟಿರಲೇ ಇಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಬಬಲ್ ಬ್ಯಾಲೆನ್ಸರಿಗೆ ಬಂದ ಕೆಟ್ಟ ಹೆಸರಿನಲ್ಲಿ ಅರ್ಧ ಹಬ್ಬಿನ ತುಕ್ಕಿನದು.

ಭಾವನ ಬಾಯಿ ಮುಚ್ಚಿಸಲು ಒಂದು ಚಕ್ರವನ್ನು ಅಂಗಡಿಯ ಯಂತ್ರಕ್ಕೂ ಹಾಕಿಸಿದೆ. ಹೊರಗೆ ಸೊನ್ನೆ, ಒಳಗೆ 10 ಗ್ರಾಂ ತೋರಿಸಿತು. ಅದೇ ಚಕ್ರವನ್ನು ಬಿಚ್ಚಿ, ಸ್ವಲ್ಪ ತಿರುಗಿಸಿ ಮತ್ತೆ ಬಿಗಿಯಲು ಹೇಳಿದೆ. ಈಗ ಹೊರಗೆ 5, ಒಳಗೆ 5. ಯಂತ್ರದ ಮೇಲೂ ಚಕ್ರ ನಡುವಿಗೆ ಕೂರಬೇಕಲ್ಲ. ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಸುಮ್ನೆ ಕೂರದೆ ಇನ್ನೂ ಏನೇನೋ ಮಾಡಿ ನೋಡಿದೆ. ಟೈರಿನೊಳಗೆ ಗಾಜಿನ ಸಣ್ಣ ಮಣಿ ಸುರಿದರೆ ತಾನೇ ಬ್ಯಾಲೆನ್ಸ್ ಆಗುತ್ತದೆ ಅಂತಾರೆ. ಒಂದು ಹಳೇ ಟೈರಿಗೆ ಹಾಕಿದೆ. ನಿಧಾನಕ್ಕೆ ಹೋಗುವಾಗ ಒಳಗೆ ಮಳೆ ಸುರಿದ ಹಾಗೆ ಸದ್ದು, ಗಾಳಿ ನೋಡಲು ಹೋದರೆ ಮಣಿ ವಾಲ್ವಿಗೆ ಸಿಕ್ಕಿ ಗಾಳಿ ಸೋರಿತು. ಬಿಚ್ಚಿದಾಗ ಪೇಸ್ಟಿನ ತೇವಕ್ಕೆ ಅರ್ಧ ಮಣಿ ಒಂದೇ ಕಡೆ ಅಂಟಿಕೊಂಡಿತ್ತು. ಗ್ಯಾರೇಜಿನ ನೆಲದಲ್ಲಿ ಇವತ್ತಿಗೂ ಕಾಲಿಗೆ ಸಿಗುತ್ತವೆ. ಗಾಡಿಯ ಹಬ್ಬಿನ ಮೇಲೇ ಚಕ್ರ ತಿರುಗಿಸಿ ಭಾರದ ಕಡೆ ಕೆಳಗೆ ಬರುತ್ತದಾ ಅಂತಲೂ ನೋಡಿದೆ, ಬೇರಿಂಗ್ ಗ್ರೀಸು ಮತ್ತು ಬ್ರೇಕ್ ಪ್ಯಾಡ್ ಬಿಡಲಿಲ್ಲ, 40 ಗ್ರಾಂ ಕೆಳಗಿನದ್ದು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಉಪಯೋಗಕ್ಕೆ ಬಂದದ್ದು ಒಂದೇ. ಟೈರ್ ಹಾಕುವ ಮುಂಚೆ ಬರಿ ರಿಮ್ಮನ್ನೇ ಗುಳ್ಳೆಯ ಮೇಲಿಟ್ಟು ಭಾರದ ಜಾಗ ಗುರುತು ಮಾಡೋದು. ಟೈರಿನ ಮೇಲಿನ ಹಳದಿ ಚುಕ್ಕೆ ಅದರ ಹಗುರ ಜಾಗ. ವಾಲ್ವಿನ ನೇರಕ್ಕೆ ಇಡಿ ಅಂತಾರೆ, ವಾಲ್ವ್ ಇರುವ ಕಡೆ ರಿಮ್ ಭಾರ ಅನ್ನುವ ನಂಬಿಕೆ. ನನ್ನ ನಾಲ್ಕು ರಿಮ್ಮಿನಲ್ಲಿ ಎರಡರಲ್ಲಿ ಭಾರ ಬೇರೆ ಕಡೆ ಇತ್ತು. ಚುಕ್ಕೆಯನ್ನು ನಿಜವಾದ ಭಾರದ ಜಾಗಕ್ಕೆ ತಂದ ಮೇಲೆ ಒಂದು ಚಕ್ರಕ್ಕೆ 50 ಗ್ರಾಂ ಬೇಕಿದ್ದದ್ದು 20ಕ್ಕೆ ಇಳಿಯಿತು.

ದುಡ್ಡಿನ ಲೆಕ್ಕ: ಚೇಂಜರ್, ಬ್ಯಾಲೆನ್ಸರ್, ಟಾರ್ಕ್ ವ್ರೆಂಚ್, ಅಂಟು ತೂಕದ ಪಟ್ಟಿ ಎಲ್ಲ ಸೇರಿ ಒಂದೂವರೆ ಹೊಸ ಟೈರಿನ ಬೆಲೆ ಆಗಿರಬೇಕು. ಅಂಗಡಿಯ ಮಜೂರಿಗೆ ಹೋಲಿಸಿದರೆ ಇಪ್ಪತ್ತನೇ ಟೈರಿನ ಹೊತ್ತಿಗೆ ಅಸಲು ಬರಬೇಕಿತ್ತು. ಹರಿದದ್ದೂ ಅಲೈನ್‌ಮೆಂಟೂ ಸೇರಿ ಮೂವತ್ತು ದಾಟಿತು. ನನ್ನದು, ತಮ್ಮನದು, ಗೆಳೆಯರದು ಎಲ್ಲ ಸೇರಿ ಈಗ ಮೂವತ್ತೈದರ ಹತ್ತಿರ ಇದ್ದೇನೆ.

ಮುಂದಿನ ವಾರ ಭಾವ ತಮ್ಮ ಗಾಡಿಯ ನಾಲ್ಕೂ ಚಕ್ರ ತರುತ್ತಾರಂತೆ. ಫೋನಿನಲ್ಲಿ ಹೇಳುವಾಗ "ನಿನಗೂ ಪ್ರಾಕ್ಟೀಸ್ ಆಗುತ್ತದೆ" ಅಂದರು. ಅವರದಕ್ಕೆ ವಾಲ್ವಿನ ಬುಡದಲ್ಲಿ ಪ್ರೆಶರ್ ಸೆನ್ಸರ್ ಇದೆ. ಬೀಡನ್ನು ರಿಮ್ಮಿನಿಂದ ಬಿಡಿಸುವ ಸಲಿಕೆ ವಾಲ್ವಿನ ಹತ್ತಿರ ಹೋದರೆ ಅದು ಪುಡಿಯಾಗುತ್ತದೆ, ಮೀಟುಗೋಲಿನ ತುದಿಯೂ ಅಲ್ಲಿ ಒಳಗೆ ಇಳಿಯಬಾರದು. ಸೆನ್ಸರಿನ ಜಾಗಕ್ಕೆ ಹೊರಗೆ ಕೆಂಪು ಟೇಪ್ ಅಂಟಿಸಿಕೊಂಡು ಶುರು ಮಾಡಬೇಕು ಅಂದುಕೊಂಡಿದ್ದೇನೆ. ಒಡೆದರೆ ದುಡ್ಡು ಯಾರದು ಅನ್ನೋದನ್ನು ಮಾತ್ರ ಚಕ್ರ ಇಳಿಸುವ ಮುಂಚೆಯೇ ಮಾತಾಡಿಕೊಳ್ಳುತ್ತೇನೆ.