ಪ್ಲೇಟ್‌ಲೆಟ್ ಇಳಿದಾಗ ವರದಿ ಓದುವುದು ಹೇಗೆ, ಆಸ್ಪತ್ರೆಗೆ ಓಡುವುದು ಯಾವಾಗ

ಮಳೆಗಾಲದಲ್ಲಿ ಮಂಗಳೂರು, ಉಡುಪಿಯ ಕಡೆ ಯಾರಿಗಾದರೂ ಜ್ವರವೆಂದರೆ, ನೋಡಲು ಬಂದವರು ಮೊದಲು ಕೇಳುವುದು 'ಕೌಂಟ್ ಎಷ್ಟಿದೆ?' ಎಂದು. ಕೌಂಟ್ ಎಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ. ಕೇಳಬೇಕಾದದ್ದೇ. ಆದರೆ ರೋಗಿಯ ಸ್ಥಿತಿಯನ್ನು ಬಿಟ್ಟು ಆ ಅಂಕಿಯೊಂದನ್ನೇ ಹಿಡಿದು ಕುಳಿತರೆ ನಿಜವಾದ ಅಪಾಯ ಕಣ್ತಪ್ಪಿ ಹೋಗಬಹುದು.

ಮೊದಲು ವರದಿಯನ್ನು ಸರಿಯಾಗಿ ಓದಿಕೊಳ್ಳಬೇಕು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಪ್ಲೇಟ್‌ಲೆಟ್ ಇರುವುದು ಸಾಮಾನ್ಯ. ಒಂದು ಲ್ಯಾಬ್ 90,000 ಎಂದು ಬರೆದರೆ ಇನ್ನೊಂದು 0.9 ಲಕ್ಷವೆಂದೋ, ಸಾವಿರದ ಲೆಕ್ಕದಲ್ಲಿ ಬರಿಯ 90 ಎಂದೋ ಬರೆಯುತ್ತದೆ, ಮೂರೂ ಒಂದೇ. ಕೆಲವರ ರಕ್ತದಲ್ಲಿ, ಅದು ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕುವ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು, ಯಂತ್ರವು ಕಡಿಮೆ ಎಣಿಸುವುದುಂಟು. ಯಾವ ತೊಂದರೆಯೂ ಇಲ್ಲದವರಲ್ಲಿ ಸಂಖ್ಯೆ ತೀರಾ ಕಡಿಮೆ ಬಂದರೆ, ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸುವುದು ಒಳ್ಳೆಯದು.

ಬಳಿಕ ಕಾರಣ. ನಮ್ಮ ಕರಾವಳಿಯಲ್ಲಿ ಜ್ವರದೊಂದಿಗೆ ಪ್ಲೇಟ್‌ಲೆಟ್ ಇಳಿದರೆ ಡೆಂಗಿಯನ್ನು ಮಾತ್ರ ಶಂಕಿಸಿದರೆ ಸಾಲದು. ಮಲೇರಿಯಾ ಹಾಗೂ ಇಲಿಜ್ವರದಲ್ಲೂ ಅದು ಇಳಿಯುತ್ತದೆ, ಈ ಎರಡಕ್ಕೂ ಬೇರೆಯೇ ಔಷಧಿಗಳಿವೆ. ಇಲಿಜ್ವರದ ಸುಳಿವು ಸಿಗುವಂತೆ, ಗದ್ದೆ, ತೋಟದ ಕೆಸರುನೀರಿನಲ್ಲಿ ಕೆಲಸ ಮಾಡಿದ್ದರೆ, ಕಾಲಿನಲ್ಲಿ ಗಾಯವಿದ್ದರೆ ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ಜ್ವರವಿಲ್ಲದೆ ಇಳಿದಿದ್ದರೆ ಯಕೃತ್ತಿನ ಕಾಯಿಲೆ, ಬಿ12 ಕೊರತೆ, ಗರ್ಭಾವಸ್ಥೆ, ಕೆಲವು ಮಾತ್ರೆಗಳು ಅಥವಾ ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶಪಡಿಸುವ ಐಟಿಪಿ ಕಾರಣವಾಗಿರಬಹುದು.

ಡೆಂಗಿಯಲ್ಲಿ ಜ್ವರ ಬಂದ ದಿನವನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ ಜ್ವರ ಬಿಡುತ್ತದೆ. ಮನೆಯವರು ನಿಟ್ಟುಸಿರು ಬಿಡುವ ಆ ಒಂದೆರಡು ದಿನಗಳೇ ಅತ್ಯಂತ ಎಚ್ಚರದಿಂದಿರಬೇಕಾದ ಹೊತ್ತು. ರಕ್ತನಾಳಗಳಿಂದ ದ್ರವಾಂಶ ಸೋರಿ ರಕ್ತ ಗಟ್ಟಿಯಾಗುವುದು, ರಕ್ತದೊತ್ತಡ ಕುಸಿಯುವುದು ಆಗಲೇ. ಆದ್ದರಿಂದ ವರದಿಯಲ್ಲಿ ಪ್ಲೇಟ್‌ಲೆಟ್‌ನ ಜೊತೆಗೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ಹೇಳುವ ಪಿಸಿವಿಯನ್ನೂ ನೋಡಬೇಕು. ಅದು ಏರುತ್ತಾ ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ತಡಮಾಡಬಾರದು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಉಸಿರಾಟದ ಕಷ್ಟ, ತಣ್ಣಗಾದ ಕೈಕಾಲು, ಮಂಪರು, ಆರು ಗಂಟೆಯಾದರೂ ಮೂತ್ರವಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಕೌಂಟ್ ಒಂದು ಲಕ್ಷವಿದ್ದರೂ, ರಾತ್ರಿಯಾಗಿದ್ದರೂ ಕೂಡಲೇ ಆಸ್ಪತ್ರೆಗೆ ಹೊರಡಬೇಕು.

50,000ಕ್ಕಿಂತ ಮೇಲಿದ್ದರೆ ತಾನಾಗಿಯೇ ರಕ್ತಸ್ರಾವವಾಗುವುದು ಅಪರೂಪ. 20,000ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಯ ನಿಗಾ ಬೇಕು. ದಾನಿಗಳ ಪ್ಲೇಟ್‌ಲೆಟ್‌ಗಳನ್ನು ರಕ್ತನಾಳದ ಮೂಲಕ ಕೊಡುವ ನಿರ್ಧಾರವನ್ನು ಸಾಮಾನ್ಯವಾಗಿ ರಕ್ತಸ್ರಾವವಾದಾಗ ಅಥವಾ ಸಂಖ್ಯೆ 10,000ದ ಆಸುಪಾಸಿಗೆ ಕುಸಿದಾಗ ವೈದ್ಯರು ಕೈಗೊಳ್ಳುತ್ತಾರೆ. ಅದಕ್ಕಾಗಿ ಅವರನ್ನು ಒತ್ತಾಯಿಸುವುದು ಸಲ್ಲದು.

ಮನೆಯಲ್ಲಿ ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವೆಂದು ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗಬಾರದು. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಗಂಜಿತಿಳಿ, ಸೀಯಾಳ, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ; ಮೂತ್ರಪಿಂಡದ ತೊಂದರೆಯಿದ್ದವರಿಗೆ ಮಾತ್ರ ಸೀಯಾಳವನ್ನೂ ಕೇಳಿಯೇ ಕೊಡಬೇಕು. ಪಪ್ಪಾಯಿ ಎಲೆಯ ರಸವನ್ನು ನಂಬಿ ಆಸ್ಪತ್ರೆಯನ್ನು ಮುಂದೂಡಬೇಡಿ.

ಚೇತರಿಕೆ ಶುರುವಾದರೆ ಕೆಲವೇ ದಿನಗಳಲ್ಲಿ ಸಂಖ್ಯೆ ತಾನಾಗಿ ಏರುತ್ತದೆ. ಜ್ವರ ಬಿಟ್ಟು ಕೆಲವು ವಾರಗಳಾದರೂ ಅದು ಏರದಿದ್ದರೆ ರಕ್ತರೋಗ ತಜ್ಞರನ್ನು ಕಾಣಬೇಕು.