ಹಿಂದಿನ ಸಸ್ಪೆನ್ಷನ್ ಜೋಡಣೆ: ಕೊನೆಯ ಬಿಗಿ ಗಾಡಿ ನೆಲಕ್ಕಿಳಿದ ಮೇಲೆ

ತಿರುವಿನಲ್ಲಿ ಬೈಕಿನ ಹಿಂಭಾಗ ಓಲಾಡಿದಂತಾದರೆ ಮೊದಲು ಟೈರಿನ ಗಾಳಿ ನೋಡಿ, ಆಮೇಲೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಚೌಕಟ್ಟಿಗೆ ಸೇರುವಲ್ಲಿರುವ ರಬ್ಬರ್ ಬುಷ್ ನೋಡಿ. ಮೇನ್ ಸ್ಟ್ಯಾಂಡ್ ಹಾಕಿ, ಚಕ್ರ ಬಿಟ್ಟು ಸ್ವಿಂಗ್ ಆರ್ಮನ್ನೇ ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿ. ಕಟಕಟ ಎಂದರೆ ಬುಷ್ ಹೋಗಿದೆ. ಚಕ್ರ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನ ಸಡಿಲವೂ ಸೇರಿಕೊಂಡು ದಾರಿ ತಪ್ಪಿಸುತ್ತದೆ.

ಇಲ್ಲಿ ಹೇಳುತ್ತಿರುವುದು ನಮ್ಮ ಊರೂರಲ್ಲಿ ಓಡುವ ಸ್ಪ್ಲೆಂಡರ್‌ನಂಥ, ಎರಡು ಶಾಕ್ ಅಬ್ಸಾರ್ಬರ್ ಇರುವ ಗಾಡಿಗಳ ವಿಷಯ. ಬಿಚ್ಚುವುದು ಯಾರಿಗೂ ಕಷ್ಟವಲ್ಲ. ಗಾಡಿಯ ನಡತೆ ಮತ್ತು ಹೊಸ ಬುಷ್‌ನ ಆಯುಷ್ಯ ನಿಂತಿರುವುದು ಮರುಜೋಡಣೆಯ ಮೇಲೆ.

ಮೊದಲು ಗಾಡಿಯನ್ನು ಗಟ್ಟಿ ನೆಲದ ಮೇಲೆ ಮೇನ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮುಂದಿನ ಬ್ರೇಕ್ ಲಿವರನ್ನು ಹಗ್ಗದಿಂದ ಬಿಗಿದು ಕಟ್ಟಿ. ಬಿಚ್ಚಿದ ಪಿವಟ್ ಬೋಲ್ಟ್ (ಸ್ವಿಂಗ್ ಆರ್ಮನ್ನು ಚೌಕಟ್ಟಿಗೆ ಹಿಡಿದಿಡುವ ಉದ್ದ ಬೋಲ್ಟ್), ಆಕ್ಸಲ್, ವಾಷರ್‌ಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒರೆಸಿ. ಪಿವಟ್ ಬೋಲ್ಟನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ಬೆಳಕು ಇಣುಕಿದರೆ ಅದು ಬಾಗಿದೆ, ಹೊಸದು ತನ್ನಿ.

ಹಳೆಯ ಬುಷ್ ತುಕ್ಕು ಹಿಡಿದು ಕೂತಿದ್ದರೆ ಸುತ್ತಿಗೆಯಿಂದ ಹೊಡೆಯುತ್ತಾ ಕೂರಬೇಡಿ, ಬುಷ್ ಕೂರುವ ಸ್ವಿಂಗ್ ಆರ್ಮಿನ ಕೊಳವೆಯ ಬಾಯಿ ಮಡಚಿಕೊಳ್ಳುತ್ತದೆ. ಪ್ರೆಸ್ ಇರುವ ಲೇತ್ ಅಂಗಡಿಯವರು ಅದನ್ನು ಸಲೀಸಾಗಿ ತೆಗೆದುಕೊಡುತ್ತಾರೆ. ಹೊಸ ಬುಷ್ ಮನೆಯಲ್ಲೇ ಕೂರಿಸುವುದಾದರೆ ತಿರುಪು ಕೊರೆದ ಉದ್ದನೆಯ ಸರಳು, ಎರಡು ನಟ್, ದಪ್ಪ ವಾಷರ್, ಅಳತೆಗೆ ಸರಿಯಾದ ಸಾಕೆಟ್ ಸಾಕು. ನಟ್ ತಿರುಗಿಸಿದಂತೆ ಬುಷ್ ನೇರವಾಗಿ ಒಳಗೆ ಸರಿಯುತ್ತದೆ. ಒತ್ತಡ ಮಾತ್ರ ಬುಷ್‌ನ ಹೊರಗಿನ ಲೋಹದ ಉಂಗುರದ ಮೇಲೇ ಬೀಳಬೇಕು. ಬುಷ್‌ನ ಒಳಗಿನ ಕೊಳವೆಯನ್ನು ತಳ್ಳಿದರೆ ರಬ್ಬರ್ ಕೂರುವ ಮುಂಚೆಯೇ ಹರಿಯುತ್ತದೆ.

ಸ್ವಿಂಗ್ ಆರ್ಮನ್ನು ಚೌಕಟ್ಟಿನ ನಡುವೆ ಎತ್ತಿ ಹಿಡಿದು ಪಿವಟ್ ಬೋಲ್ಟ್ ತೂರಿಸಿ. ಬೋಲ್ಟಿನ ಮೈಗೆ ತೆಳುವಾಗಿ ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚುವವರಿಗೆ ಅದೇ ದೊಡ್ಡ ಉಪಕಾರ. ನಟ್ ಕೈಯಲ್ಲಿ ತಿರುಗುವಷ್ಟು ಮಾತ್ರ ಹಾಕಿ, ಸ್ಪ್ಯಾನರ್ ಬೇಡ.

ಎಷ್ಟೋ ಕಡೆ ಅವಸರದ ಕೆಲಸ ನಡೆಯುವುದು ಇಲ್ಲೇ. ರಬ್ಬರ್ ಬುಷ್ ಬೇರಿಂಗ್‌ನಂತೆ ಸುತ್ತುವುದಿಲ್ಲ. ನಟ್ ಬಿಗಿದಾಗ ಅದರ ಒಳಗಿನ ಕೊಳವೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಹೊರಗಿನ ಉಂಗುರ ಸ್ವಿಂಗ್ ಆರ್ಮ್ ಜೊತೆ ತಿರುಗುತ್ತದೆ, ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಮೇನ್ ಸ್ಟ್ಯಾಂಡಿನಲ್ಲಿ ಸ್ವಿಂಗ್ ಆರ್ಮ್ ಕೆಳಕ್ಕೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಬಿಗಿ ಮಾಡಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ. ಅದರ ಮೇಲೆ ಪ್ರತಿ ಗುಂಡಿಯೂ ಇನ್ನಷ್ಟು ತಿರುಚುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ಶಾಕ್‌ನ ಎರಡೂ ತುದಿಯ ರಬ್ಬರಿಗೂ ಇದೇ ಮಾತು. ಹಾಗಾಗಿ ಎಲ್ಲವನ್ನೂ ಸಡಿಲವಾಗಿ ಜೋಡಿಸಿಕೊಳ್ಳಿ, ಬಿಗಿ ಕೊನೆಗೆ. ಸೂಜಿ ಬೇರಿಂಗ್ ಅಥವಾ ಕಂಚಿನ ಬುಷ್ ಇರುವ ಗಾಡಿಗೆ ಈ ನಿಯಮವಿಲ್ಲ, ಅಲ್ಲಿ ಧಾರಾಳವಾಗಿ ಗ್ರೀಸ್ ತುಂಬಬೇಕು.

ಶಾಕ್‌ಗಳನ್ನು ಜೋಡಿಯಾಗಿಯೇ ಬದಲಿಸಿ. ಒಂದರಲ್ಲಿ ಎಣ್ಣೆ ಸೋರಿದ್ದರೆ ಎರಡನ್ನೂ ತೆಗೆಯಿರಿ. ಸ್ಪ್ರಿಂಗ್ ಬಿಚ್ಚುವ ಸಾಹಸ ಮನೆಯಲ್ಲಿ ಖಂಡಿತ ಬೇಡ. ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಬೆರಳು, ಕಣ್ಣು ಎರಡಕ್ಕೂ ಅಪಾಯ. ಕೂರಿಸುವಾಗ ವಾಷರ್‌ಗಳು ಮೊದಲಿದ್ದ ಕ್ರಮದಲ್ಲೇ ಇರಲಿ, ಸ್ಪ್ರಿಂಗಿನ ಬಿಗಿತ ಹೊಂದಿಸುವ ಹಲ್ಲು ಎರಡೂ ಬದಿ ಒಂದೇ ಮೆಟ್ಟಿಲಿನಲ್ಲಿರಲಿ.

ಚಕ್ರ ಹಾಕುವಾಗ ಎರಡು ಕಡೆ ನಿಧಾನಿಸಿ. ಒಂದು, ಬ್ರೇಕ್ ಪ್ಲೇಟನ್ನು ಸ್ವಿಂಗ್ ಆರ್ಮ್‌ಗೆ ಹಿಡಿದಿಡುವ ಟಾರ್ಕ್ ಆರ್ಮ್. ಅದರ ಬೋಲ್ಟ್ ಕಳಚಿದರೆ ಬ್ರೇಕ್ ತುಳಿದಾಗ ಇಡೀ ಪ್ಲೇಟ್ ಚಕ್ರದ ಜೊತೆ ತಿರುಗಿ ಚಕ್ರ ಕಚ್ಚಿಕೊಳ್ಳಬಹುದು. ಅಲ್ಲಿ ಸ್ಪ್ಲಿಟ್ ಪಿನ್ ಇದ್ದರೆ ಹೊಸದನ್ನೇ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ಎರಡು, ಚೈನಿನ ಎರಡು ತುದಿ ಸೇರಿಸುವ ಚೈನ್ ಲಾಕ್. ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು, ಸೀಳಿದ ತುದಿ ಹಿಂದಕ್ಕೆ. ತಿರುವುಮುರುವಾದರೆ ಏನಾದರೂ ತಾಗಿದಾಗ ಕ್ಲಿಪ್ ಕಳಚಿ ಹಾರುತ್ತದೆ.

ಈಗ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಸವಾರಿ ಮಾಡುವವರೇ ಸೀಟಿನ ಮೇಲೆ ಕೂರಲಿ. ಎರಡು ಮೂರು ಸಲ ಸೀಟನ್ನು ಅದುಮಿ ಬಿಡಿ, ರಬ್ಬರ್ ತನ್ನ ಜಾಗ ಹಿಡಿಯುತ್ತದೆ. ಆ ಭಾರ ಇರುವಾಗಲೇ ಪಿವಟ್ ನಟ್, ಶಾಕ್‌ನ ಮೇಲಿನ ನಟ್, ಕೆಳಗಿನ ಬೋಲ್ಟ್ ಬಿಗಿ ಮಾಡಿ. ಎಷ್ಟು ಬಿಗಿ ಎಂಬುದನ್ನು ಸರ್ವಿಸ್ ಮ್ಯಾನುಯಲ್ ನೋಡಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಹಿಡಿಯಿರಿ. ಅಂದಾಜಿನ ಕೈ ಬೇಡ.

ಚೈನ್ ಸಡಿಲ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇರಲಿ, ಎರಡೂ ಅಡ್ಜಸ್ಟರ್‌ಗಳ ಗುರುತು ಸಮವಾಗಿರಲಿ, ಆಮೇಲೆ ಆಕ್ಸಲ್ ನಟ್. ಬ್ರೇಕ್ ಪೆಡಲ್ಲಿನ ಆಟ, ಬ್ರೇಕ್ ಲೈಟ್ ಎರಡನ್ನೂ ನೋಡಿ. ಮನೆ ಮುಂದಿನ ಬೀದಿಯಲ್ಲೇ ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಿ. ಸುಮಾರು 100 ಕಿ.ಮೀ. ಓಡಿದ ಮೇಲೆ ಎಲ್ಲ ನಟ್‌ಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.